ಹ್ಯಾಡ್ಲಿ ಹೇಳದ ಸಾಕ್ಷಿ

ವಿದ್ಯಾರ್ಥಿ ಜೀವನ ವಿಭಾಗದ ಡೀನ್ ಅವರಿಗೆ,

ಮಾನ್ಯರೇ,

ನಮ್ಮ ಕ್ರೈಸ್ತ ವಿಶ್ವವಿದ್ಯಾಲಯದ ಅಂತರ್ಜಾಲ ಪುಟವನ್ನು ತೆರೆದರೆ ಮೊದಲು ಕಾಣುವ ಎರಡು ನಿಮಿಷದ ವೀಡಿಯೊದಲ್ಲಿ ಒಂದು ಸುಳ್ಳಿದೆ. ಅದು ಸುಳ್ಳೆಂದು ನಿಮಗೆ ಗೊತ್ತು, ಏಕೆಂದರೆ ಮಾಡಿಸಿದವರು ನೀವು. ನನಗೂ ಗೊತ್ತು, ಏಕೆಂದರೆ ಮಾಡಿದವಳು ನಾನು. ಅದರಲ್ಲಿ ಮಾತಾಡುವ ಹ್ಯಾಡ್ಲಿ ಪ್ರೂಯಿಟ್‌ಗೆ ಮಾತ್ರ ಅದು ಗೊತ್ತಾದದ್ದು ಪ್ರಾರ್ಥನಾಲಯದಲ್ಲಿ ಏಳುನೂರು ಜನರ ನಡುವೆ ಕುಳಿತಿದ್ದಾಗ. ಈ ಮಾತನ್ನು ನಿಮ್ಮ ಕೋಣೆಯಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಮೂರು ಸಲ ಬಂದೆ. ಮೂರು ಸಲವೂ ಭೇಟಿ ನಿಮ್ಮ ಪ್ರಾರ್ಥನೆಯಿಂದ ಶುರುವಾಗಿ ನಿಮ್ಮ ಪ್ರಾರ್ಥನೆಯಿಂದ ಮುಗಿಯಿತು. ನಡುವೆ ನನ್ನ ಮಾತಿಗೆ ಜಾಗವಿರಲಿಲ್ಲ. ಕಣ್ಣು ಮುಚ್ಚಿ ಕೈಮುಗಿದವರ ಮಾತಿಗೆ ಅಡ್ಡ ಬರುವುದು ಹೇಗೆಂದು ನನಗೆ ನನ್ನ ಮನೆಯಲ್ಲೂ ಕಲಿಸಿಲ್ಲ, ನಿಮ್ಮ ಸಂವಹನ ವಿಭಾಗದಲ್ಲೂ ಕಲಿಸಿಲ್ಲ.

ನಾನು ಆ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿನಿ. ಹ್ಯಾಡ್ಲಿ ಮೂರು ವರ್ಷ ನನ್ನ ಕೋಣೆಯಲ್ಲಿದ್ದವಳು, ನರ್ಸಿಂಗ್ ಓದುತ್ತಿದ್ದವಳು. ನಾವು ಮೂರನೆಯ ವರ್ಷದಲ್ಲಿದ್ದಾಗ, ನವೆಂಬರಿನಲ್ಲಿ, ಅವಳ ಅಣ್ಣ ವೇಡ್, ಅವರ ಊರಿನ ಹೊರಗಿನ ತಗಡಿನ ಕಣಜವೊಂದರಲ್ಲಿ ಗಟ್ಟಿಕಟ್ಟಿದ್ದ ಮೆಕ್ಕೆಜೋಳವನ್ನು ಸಡಿಲಿಸಲು ಒಳಗಿಳಿದವನು, ಕುಸಿದ ಕಾಳಿನಡಿ ಸಿಕ್ಕಿಕೊಂಡು ಸತ್ತ. ಅವನಿಗೆ ಇಪ್ಪತ್ತಾರು. ಹೊರತೆಗೆಯಲು ನಾಲ್ಕು ಗಂಟೆ ಹಿಡಿಯಿತು. ನೆಬ್ರಾಸ್ಕಾದ ಈ ಜೋಳದ ನಾಡಿನಲ್ಲಿ ಹುಟ್ಟಿದ ಯಾರಿಗೂ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಅಕ್ಟೋಬರಿನಲ್ಲಿ ಪ್ರಾರ್ಥನಾಲಯಕ್ಕಾಗಿ, ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ವಿದ್ಯಾರ್ಥಿಗಳು ಹೇಳುವ ಸಾಕ್ಷಿಗಳನ್ನು ಚಿತ್ರೀಕರಿಸುವ ಕೆಲಸವನ್ನು ವಿಭಾಗ ನನಗೆ ವಹಿಸಿತು. ಹ್ಯಾಡ್ಲಿಯನ್ನು ಕೇಳು ಎಂದವರು ನೀವೇ. ಅವಳು ಮೊದಲು ಒಪ್ಪಲಿಲ್ಲ.

"ನನ್ನ ಹತ್ರ ಸಾಕ್ಷಿ ಅಂತ ಏನಿದೆ, ಲಿಡ್? ಬರೀ ಪ್ರಶ್ನೆಗಳಿವೆ."

"ಅವನ್ನೇ ಹೇಳು. ನಾನೇ ಅಲ್ವಾ ಕ್ಯಾಮೆರಾ ಹಿಂದೆ ಇರೋದು?" ಎಂದೆ.

ಅವಳು ಕೂತಿದ್ದು ಆ ಮಾತನ್ನು ನಂಬಿ. ಹತ್ತೊಂಬತ್ತು ನಿಮಿಷ ಮಾತಾಡಿದಳು. ಅದರಲ್ಲಿ ಒಂದು ಕಡೆ ಅವಳು ಹೇಳಿದ್ದು ಹೀಗೆ: "ಆ ಕಣಜದೊಳಗೆ ವೇಡ್ ಜೊತೆ ದೇವರು ಇದ್ದ ಅಂತ ನಮ್ಮ ಪಾಸ್ಟರ್ ಹೇಳಿದ್ರು. ನನಗೆ ಅದನ್ನ ನಂಬೋಕಾಗ್ತಿಲ್ಲ. ಆದರೂ ಪ್ರಾರ್ಥನೆಗೆ ಬಂದು ಕೂತ್ಕೋತೀನಿ. ಯಾಕೆ ಅಂತ ಕೇಳಿದ್ರೆ ಗೊತ್ತಿಲ್ಲ."

ನಾನು ಕ್ಯಾಮೆರಾ ಹಿಂದೆ ನಿಂತು ಅತ್ತೆ. ಇಷ್ಟು ವರ್ಷ ಕೇಳಿದ ಸಾಕ್ಷಿಗಳಲ್ಲಿ ಇದೊಂದು ಮಾತ್ರ ನನ್ನದೂ ಹೌದು ಅನ್ನಿಸಿತು. ನಿಮಗೆ ಹಾಗನ್ನಿಸಲಿಲ್ಲ. ಎಡಿಟಿಂಗ್ ಕೋಣೆಗೆ ನೀವೇ ಬಂದು, ನನ್ನ ಹೆಗಲ ಹಿಂದೆ ನಿಂತು ನೋಡಿ, ಬಹಳ ಮೃದುವಾಗಿ ಹೇಳಿದಿರಿ: "ನೋಡಮ್ಮ ಲೀಡಿಯಾ, ಹುಡುಗಿ ನೋವಲ್ಲಿದ್ದಾಳೆ. ನೋವಲ್ಲಿ ಆಡಿದ ಮಾತನ್ನ ಜಗತ್ತಿನ ಮುಂದೆ ಇಡೋದು ಪ್ರೀತಿ ಅಲ್ಲ. 'ಇದ್ದ' ಅನ್ನೋ ಕಡೆ ನಿಲ್ಲಿಸಿಬಿಡು."

'ಇದ್ದ' ಎಂಬಲ್ಲಿ ನಿಲ್ಲಿಸಿದೆ. ಮುಂದಿನ ಪದಕ್ಕೆ ಅವಳ ತುಟಿ ತೆರೆಯುವುದು ಕಾಣದಂತೆ ಹೊಲದ ಮೇಲಿನ ಬೆಳಗಿನ ಮಂಜಿನ ದೃಶ್ಯವನ್ನು ಹೊದಿಸಿದೆ. ಹಿನ್ನೆಲೆಗೆ ಪಿಯಾನೊ ಹಾಕಿದೆ. ಕೆಲಸ ಚೊಕ್ಕಟವಾಗಿತ್ತು; ನಿಮ್ಮ ವಿಭಾಗ ನನಗೆ ಚೆನ್ನಾಗಿಯೇ ಕಲಿಸಿದೆ. ಈಗ ಹ್ಯಾಡ್ಲಿ ಕ್ಯಾಮೆರಾ ನೋಡಿ, "ಆ ಕಣಜದೊಳಗೆ ವೇಡ್ ಜೊತೆ ದೇವರು ಇದ್ದ" ಎನ್ನುತ್ತಾಳೆ. ಮಂಜು. ಪಿಯಾನೊ. ವಿಶ್ವವಿದ್ಯಾಲಯದ ಲಾಂಛನ.

ಒಬ್ಬರ ಮಾತನ್ನು ಅರ್ಥ ಕೆಡುವಂತೆ ಕತ್ತರಿಸುವುದು ಸುಳ್ಳು ಹೇಳಿದ ಹಾಗೆಯೇ ಎಂದು ನಮಗೆ ಎರಡನೆಯ ವರ್ಷದಲ್ಲಿ ಪಾಠವಿದೆ. ಕಲಿಸುವವರು ಡಾ. ಸ್ಟಟ್ಸ್‌ಮನ್. ಮಾರನೆಯ ದಿನ ಅವರ ಬಳಿ ಹೋಗಿ ನಡೆದದ್ದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಪಾಠ ನಿನಗೆ ಅರ್ಥವಾಗಿದೆ, ಲೀಡಿಯಾ. ಇಲ್ಲಿ ನನ್ನ ಕೈಲಾಗೋದು ಅಷ್ಟೇ."

"ನೀವೊಂದು ಮಾತು ಹೇಳಿದ್ರೆ ಡೀನ್ ಕೇಳ್ತಾರೆ, ಸರ್."

"ಕೆಲಸ ಉಳಿಸ್ಕೊಳ್ಳೋಕೆ ಪ್ರತಿ ವಸಂತದಲ್ಲೂ ನನ್ನ ನಂಬಿಕೆ ಸರಿಯಾಗಿದೆ ಅಂತ ನಾನೂ ಒಂದು ಕಾಗದಕ್ಕೆ ಸಹಿ ಹಾಕ್ತೀನಮ್ಮ. ಅದನ್ನ ಓದೋರು ಅವರೇ."

ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮನುಷ್ಯ. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಬಂದದ್ದು ಭಯ: ನಾನೂ ಮುಂದೆ ಹೀಗೆ ಕನ್ನಡಕ ಒರೆಸುತ್ತ ಕೂರುವವಳೇ ಏನೋ ಎಂದು.

ವೀಡಿಯೊ ತೋರಿಸಿದ ದಿನ ಹ್ಯಾಡ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಮೊದಲೇ ಹೇಳಬೇಕೆಂದು ಮೂರು ದಿನ ಬಾಯಿ ತೆರೆದು ಮೂರು ದಿನವೂ ಮುಚ್ಚಿದ್ದೆ. 'ಇದ್ದ' ಎಂಬಲ್ಲಿ ಮಂಜು ಬಂದಾಗ ಅವಳು ಪರದೆಯನ್ನು ಬಿಟ್ಟು ನನ್ನನ್ನು ನೋಡಿದಳು. ಏಳುನೂರು ಜನ ಚಪ್ಪಾಳೆ ತಟ್ಟಿದರು. ಎದ್ದುಹೋಗಲು ದಾರಿಯಿರಲಿಲ್ಲ, ಗುರುತಿನ ಚೀಟಿ ತೋರಿಸಿ ಒಳಬಂದವರು ಮುಗಿದ ಮೇಲೆ ಮತ್ತೆ ತೋರಿಸಿಯೇ ಹೊರಹೋಗಬೇಕು, ಇಲ್ಲದಿದ್ದರೆ ಪ್ರಾರ್ಥನೆಯ ಕಡ್ಡಾಯ ಹಾಜರಿ ಸಿಗದು. ಅಪ್ಪಿಕೊಳ್ಳಲು ಬಂದವರ ಸಾಲಿನಲ್ಲಿ ಅವಳು ಇಪ್ಪತ್ತು ನಿಮಿಷ ನಿಂತಿದ್ದಳು.

ನಂತರ ನನಗೆ ಹೇಳಿದ್ದು ಒಂದೇ ಮಾತು: "ಅವನು ಸತ್ತಿದ್ದನ್ನ ನೀವೆಲ್ಲ ಸೇರಿ ಚೆನ್ನಾಗಿ ಕಾಣೋ ಹಾಗೆ ಮಾಡಿಬಿಟ್ರಿ."

ವೀಡಿಯೊವನ್ನು ಪುಟದಿಂದ ತೆಗೆಸೋಣ ಎಂದೆ. ಆಗಲೇ ತಡವಾಗಿತ್ತು. ಅವಳ ತಾಯಿ ಡಾರ್ಲಾ, ಊರಿನಲ್ಲಿ ಶಾಲಾ ಬಸ್ಸು ಓಡಿಸುವವರು, ಅದನ್ನು ನೋಡಿ ಫೋನು ಮಾಡಿದ್ದರು. ಮಗಳಿಗೆ ಹೀಗೆ ಅನ್ನಿಸಿದೆಯೆಂದರೆ ತಾನೂ ಹಾಗೇ ಅಂದುಕೊಳ್ಳುತ್ತೇನೆ ಎಂದರಂತೆ. ವರ್ಷದ ಮೇಲೆ ಮೊದಲ ಸಲ ನೆಮ್ಮದಿಯ ನಿದ್ದೆ ಬಂತು ಎಂದರಂತೆ. ಇನ್ನು ಹ್ಯಾಡ್ಲಿ ಸತ್ಯ ಹೇಳುವುದು ಯಾರಿಗೆ? ತಾಯಿಯ ನಿದ್ದೆ ಕಿತ್ತುಕೊಂಡು ನಿಮ್ಮ ಕಚೇರಿಯನ್ನು ತಿದ್ದಬೇಕೇ? ಮಾನ್ಯರೇ, ನಿಮ್ಮ ಬಾಗಿಲುಗಳಿಗೆ ಬೀಗ ಇಲ್ಲವೆಂದು ನೀವು ಹೊಸಬರಿಗೆ ಹೇಳುವುದುಂಟು. ನಿಜ. ಬೀಗದ ಕೆಲಸವನ್ನು ನಮ್ಮ ನಮ್ಮ ಮನೆಯವರ ಪ್ರೀತಿಯಿಂದಲೇ ಮಾಡಿಸಿಕೊಳ್ಳುತ್ತೀರಿ.

ಚಳಿಗಾಲವಿಡೀ ಜನ ಆ ವಾಕ್ಯವನ್ನು ಅವಳಿಗೇ ಮರಳಿ ಒಪ್ಪಿಸಿದರು. ಊಟದ ಸಾಲಿನಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ಕೊನೆಗೆ ಫೆಬ್ರವರಿಯ ಪೋಷಕರ ಭಾನುವಾರದಂದು ವೇದಿಕೆಯ ಮೇಲೆ ಬಂದು ಅದನ್ನೇ ಹೇಳು ಎಂದು ನೀವು ಕರೆದಿರಿ. ಅವಳು ನನ್ನ ಬಳಿ ಬಂದಳು. ನಾವು ಮಾತು ಬಿಟ್ಟು ಹತ್ತಿರ ಹತ್ತಿರ ಮೂರು ತಿಂಗಳಾಗಿತ್ತು.

"ನಾನು ನಿಜವಾಗ್ಲೂ ಏನು ಹೇಳಿದ್ದೆ ಅಂತ ನನಗೇ ಮರೆತುಹೋಗ್ತಿದೆ, ಲಿಡ್. ಹಾಗೇ ಹೇಳಿದ್ನೇನೋ ಅನಿಸೋಕೆ ಶುರುವಾಗಿದೆ. ಪೂರ್ತಿ ರೆಕಾರ್ಡಿಂಗ್ ಕೊಡ್ತೀಯಾ?"

ಕೊಟ್ಟೆ. ಅವಳ ಹತ್ತೊಂಬತ್ತು ನಿಮಿಷಗಳನ್ನು ಅವಳಿಗೇ ಕೊಟ್ಟೆ.

ಪೋಷಕರ ಭಾನುವಾರ ನೀವೂ ಇದ್ದಿರಿ. ಆದರೆ ನಿಮ್ಮ ವಾರ್ತಾಪತ್ರದ ವರದಿಯಲ್ಲಿ ಪಿಯಾನೊ ವಾದನದ ಪ್ರಸ್ತಾಪ ಮಾತ್ರ ಇರುವುದರಿಂದ ನಾನಿಲ್ಲಿ ಬರೆಯಬೇಕಾಗಿದೆ. ಹ್ಯಾಡ್ಲಿ ಮೈಕಿನ ಮುಂದೆ ನಿಂತು ಆ ವಾಕ್ಯವನ್ನು ಹೇಳಿದಳು, ಪೂರ್ತಿಯಾಗಿ. "ಅಂತ ನಮ್ಮ ಪಾಸ್ಟರ್ ಹೇಳಿದ್ರು" ಎಂದಳು. "ನನಗೆ ಅದನ್ನ ನಂಬೋಕಾಗ್ತಿಲ್ಲ" ಎಂದಳು. ಆಮೇಲೆ ತಾಯಿ ಕುಳಿತಿದ್ದ ಮೂರನೆಯ ಸಾಲಿನತ್ತ ನೋಡಿ, "ಕ್ಷಮಿಸಮ್ಮ" ಎಂದಳು. ನೀವು ಪಿಯಾನೊದವನಿಗೆ ಕಣ್ಣುಸನ್ನೆ ಮಾಡಿದಿರಿ, ಅವನು ಶುರು ಮಾಡಿದ. ಆ ಸದ್ದಿನಲ್ಲೇ ಡಾರ್ಲಾ ಎದ್ದು ವೇದಿಕೆಗೆ ಹೋಗಿ ಮಗಳ ತೋಳು ಹಿಡಿದುಕೊಂಡರು. ಮೈಕು ಇನ್ನೂ ತೆರೆದಿತ್ತು.

"ನನಗೂ ಆಗ್ತಿಲ್ಲ, ಮಗಳೇ. ನೀನು ನಂಬಿದ್ದೀಯಲ್ಲ ಅಂತ ನಾನೂ ನಂಬಿದ ಹಾಗೆ ನಟಿಸ್ತಿದ್ದೆ. ನಡಿ, ಮನೆಗೆ ಹೋಗೋಣ."

ನೀವು ಕಾಫಿ ಮತ್ತು ಹಣ್ಣಿನ ಪೈ ಸಿದ್ಧವಾಗಿವೆ ಎಂದು ಘೋಷಿಸಿದಿರಿ.

ಹ್ಯಾಡ್ಲಿ ಆ ಮಧ್ಯಾಹ್ನವೇ ತಾಯಿಯ ಟ್ರಕ್ಕಿನಲ್ಲಿ ಹೊರಟುಹೋದಳು. ಓದು ನಿಲ್ಲಿಸಿದ್ದಾಳೆ, ಬೇರೆ ಕಡೆ ಮುಂದುವರಿಸುತ್ತಾಳಂತೆ. ಹೋದ ವಾರ ಫೋನು ಮಾಡಿದಾಗ ಇನ್ನೂ ಪ್ರಾರ್ಥನೆ ಮಾಡ್ತೀಯಾ ಎಂದು ಕೇಳಿದೆ. "ಊಟಕ್ಕೆ ಮುಂಚೆ ಮಾಡ್ತೀವಿ. ಅಮ್ಮ ಈಗೀಗ 'ದೇವರೇ, ನೀನಿದ್ದರೆ' ಅಂತ ಶುರು ಮಾಡ್ತಾಳೆ," ಎಂದಳು. ಅಷ್ಟು ಪ್ರಾಮಾಣಿಕವಾದ ಪ್ರಾರ್ಥನೆಯನ್ನು ನಾಲ್ಕು ವರ್ಷದಲ್ಲಿ ನಿಮ್ಮ ವೇದಿಕೆಯಿಂದ ನಾನು ಕೇಳಿಲ್ಲ. ಶಿಲುಬೆಯ ಮೇಲಿದ್ದವನೇ ತಂದೆ ತನ್ನನ್ನು ಏಕೆ ಕೈಬಿಟ್ಟನೆಂದು ಕೂಗಿ ಕೇಳಿದ. ಆ ಕೂಗನ್ನು ಇಷ್ಟು ಶತಮಾನಗಳಲ್ಲಿ ಯಾರೂ ಕತ್ತರಿಸಲಿಲ್ಲ; ಬಹುಶಃ ಅದನ್ನು ಬರೆದಿಟ್ಟವರಿಗೆ ವಿದ್ಯಾರ್ಥಿ ಜೀವನ ವಿಭಾಗ ಇರಲಿಲ್ಲ.

ಈಗ ನೀವು ನನಗೆ ಕಳಿಸಿದ ಪತ್ರಕ್ಕೆ ಬರುತ್ತೇನೆ. 'ವಿಭಾಗದ ಸಾಮಗ್ರಿಯನ್ನು ಅನುಮತಿಯಿಲ್ಲದೆ ಹೊರಗಿನವರಿಗೆ ಹಸ್ತಾಂತರಿಸಿ ಸಮುದಾಯದ ನಂಬಿಕೆಗೆ ಧಕ್ಕೆ ತಂದಿದ್ದೇನೆ' ಎಂಬ ಹೇಳಿಕೆಗೆ ನಾನು ಶುಕ್ರವಾರದೊಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಮೇ ತಿಂಗಳಿನಲ್ಲಿ ಪದವಿ ಇಲ್ಲ. ಹೊರಗಿನವರು ಎಂದರೆ ಹ್ಯಾಡ್ಲಿ. ಸಾಮಗ್ರಿ ಎಂದರೆ ಅವಳ ದನಿ. ಸಹಿ ಹಾಕಿದರೆ ಆ ವೀಡಿಯೊ ನಿಜವೆಂದು ಒಪ್ಪಿಕೊಂಡಂತೆ. ಹಾಕದಿದ್ದರೆ ನಾಲ್ಕು ವರ್ಷ ಹೋಯಿತು. ಇಲ್ಲೇ ಓದಿದ, ಈಗ ಚರ್ಚೊಂದರ ಸಭಾಪಾಲಕರಾಗಿರುವ ನನ್ನ ಅಪ್ಪ ಫೋನಿನಲ್ಲಿ ಹೇಳಿದರು: "ಸಹಿ ಹಾಕಿಬಿಡಮ್ಮ. ಆಮೇಲೆ ಕೂತು ಪ್ರಾರ್ಥನೆ ಮಾಡೋಣ." ನಾನು ಎಲ್ಲಿಗೆ ಹೋಗಲಿ? ನನಗೆ ಈ ನಂಬಿಕೆಯಿಂದ ಹೊರಗೆ ಹೋಗಬೇಕಾಗಿಲ್ಲ. ನನ್ನ ಮನೆ ಇರುವುದೇ ಅದರಲ್ಲಿ. ಆ ಮನೆಯಲ್ಲಿ ಉಸಿರಾಡುವಷ್ಟು ಗಾಳಿ ಬೇಕು, ಅಷ್ಟೆ.

ಆದ್ದರಿಂದ ನನ್ನ ಬೇಡಿಕೆ ಇದು. ಆ ವೀಡಿಯೊವನ್ನು ಇಂದೇ ಪುಟದಿಂದ ತೆಗೆಯಿರಿ, ತೆಗೆದದ್ದು ಏಕೆಂದು ಅದೇ ಜಾಗದಲ್ಲಿ ಬರೆಯಿರಿ. ನನ್ನ ಮೇಲಿನ ಆರೋಪವನ್ನೂ ತಿದ್ದಿ ಬರೆಯಿರಿ. ಒಬ್ಬಳ ಮಾತನ್ನು ಅವಳಿಗೆ ಹಿಂದಿರುಗಿಸಿದ್ದೇ ತಪ್ಪೆಂದು ಬರೆದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಗೆಳತಿಯ ದುಃಖವನ್ನು ಕತ್ತರಿಸಿ ಸುಳ್ಳು ಮಾಡಿದೆನೆಂದು ಬರೆದು ಕಳಿಸಿ. ಅದಕ್ಕೆ ಸಹಿ ಹಾಕುತ್ತೇನೆ, ಅದಕ್ಕಿರುವ ಶಿಕ್ಷೆ ಏನಿದ್ದರೂ ಅನುಭವಿಸುತ್ತೇನೆ. ಆದರೆ ಆ ಕಾಗದದಲ್ಲಿ ಎರಡು ಸಹಿಗೆ ಜಾಗ ಬಿಡಿ: ಮಾಡಿದವಳದು, ಮಾಡಿಸಿದವರದು.

ಇಂತಿ,
ಕೆಲಸ ಚೊಕ್ಕಟವಾಗಿ ಕಲಿತ ನಿಮ್ಮ ವಿದ್ಯಾರ್ಥಿನಿ,
ಲೀಡಿಯಾ ಎನ್ಸ್
ಸಂವಹನ ವಿಭಾಗ, ಅಂತಿಮ ವರ್ಷ (ಶುಕ್ರವಾರದವರೆಗೆ)