ಹಿತ್ತಾಳೆಯ ಬಿಲ್ಲೆ

ನಂದಿದುರ್ಗ ಲೈನು, ಕೆಜಿಎಫ್
೧೮ ಫೆಬ್ರವರಿ ೨೦೨೫

ನನ್ನ ಮುದ್ದಿನ ಕಲಾಗೆ,

ಅಮ್ಮನ ಆಶೀರ್ವಾದ. ಪುಣೆಯ ಚಳಿಗೆ ಬಂದಿದ್ದ ಕೆಮ್ಮು ಹೋಯಿತಾ? ಹೊತ್ತಿಗೆ ಸರಿಯಾಗಿ ಉಣ್ಣು, ಕೆಲಸ ಎಲ್ಲೂ ಓಡಿಹೋಗುವುದಿಲ್ಲ. ಫೋನು ಬಿಟ್ಟು ಕಾಗದ ಯಾಕೆ ಅನ್ನಬೇಡ. ಇರುವುದು ಒಂದೇ ಕೋಣೆ, ನಿಮ್ಮಪ್ಪ ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಾರೆ.

ನೀನು ಮಾಡಿ ಕಳಿಸಿದ ಪೆಟ್ಟಿಗೆ ಚೆನ್ನಾಗಿಯೇ ಇದೆ ಕಣೆ, ಸುಳ್ಳು ಹೇಳಲಾರೆ. ಗಾಜಿನ ಫೋನನ್ನು ಎಷ್ಟು ತಿಕ್ಕಿದರೂ ಅದಕ್ಕೆ ಅವರ ಬೆರಳೇ ಗೊತ್ತಾಗುತ್ತಿರಲಿಲ್ಲ. ಗಣಿಯಲ್ಲಿ ಡ್ರಿಲ್ಲು ಹಿಡಿದು ಕಲ್ಲಾದ ಕೈ. ಈಗ ಮರದ ಬಿಲ್ಲೆ ಪೆಟ್ಟಿಗೆಯ ಮೇಲಿಟ್ಟರೆ ನಿನಗೆ ಫೋನು ಹೋಗುತ್ತದೆ ಅಂತ ಹೊತ್ತುಗೊತ್ತಿಲ್ಲದೆ ಇಟ್ಟಿದ್ದೇ ಇಟ್ಟಿದ್ದು. "ಬೆಚ್ಚಗೈತೆ, ಮಗೀನ ಕೈ ಇಡ್ದಂಗಾಯ್ತದೆ" ಅನ್ನುತ್ತಾರೆ. ನನ್ನ ಕೈ ಹಿಡಿದು ಯಾವ ಕಾಲವಾಯಿತೋ ಈ ಮುದುಕ!

ತೊಂದರೆ ಹಿತ್ತಾಳೆಯದು. ಉಸಿರು ಕಟ್ಟಿದರೆ ಇದನ್ನಿಡಿ, ಪಕ್ಕದ ಮನೆಯಲ್ಲಿ ಗಂಟೆ ಹೊಡೆಯುತ್ತದೆ ಅಂತ ಕೊಟ್ಟೆಯಲ್ಲ, ಅದು. ಮರಗಟ್ಟಿದ ಬೆರಳಿಗೂ ತಣ್ಣಗೆ, ಭಾರವಾಗಿ ತಿಳಿಯಲಿ ಅಂತ ಗಣಿಗೆ ಇಳಿಯುವಾಗ ಆಳಿಗೊಂದರಂತೆ ಕೊಡುತ್ತಿದ್ದ ಟೋಕನ್ನಿನ ಹಾಗೆಯೇ ನೀನು ಮಾಡಿಸಿದೆ. ಮೊನ್ನೆ ಫೋನಿನಲ್ಲಿ ಅಪ್ಪನಿಗೆ ಸ್ವಲ್ಪ ದಮ್ಮು ಅಂದೆನಲ್ಲ, ಸ್ವಲ್ಪವಲ್ಲ. ನಾನು ಬೇತಮಂಗಲಕ್ಕೆ ಹೋಗಿ ಬರುವಷ್ಟರಲ್ಲಿ ನೆಲದ ಮೇಲೆ ಬಿದ್ದಿದ್ದರು, ತುಟಿ ನೀಲಿಗಟ್ಟಿತ್ತು. ಪೆಟ್ಟಿಗೆ ಕೈಗೆಟಕುವಲ್ಲೇ ಇದೆ, ಬಿಲ್ಲೆ ಮುಷ್ಟಿಯೊಳಗೆ! ಬೆರಳು ಬಿಡಿಸಿ ಕಿತ್ತು ನಾನೇ ಇಟ್ಟೆ. ಗಂಟೆ ಕೇಳಿ ಪಕ್ಕದ ಮನೆಯ ವಿಜಯಕುಮಾರ್ ಓಡಿಬಂದು ಆಸ್ಪತ್ರೆಗೆ ಸೇರಿಸಿದ. ಎಚ್ಚರವಾದ ಮೇಲೆ ಯಾಕೆ ಇಡಲಿಲ್ಲ ಅಂತ ಬೈದೆ. ಪೆದ್ದಿಯನ್ನು ನೋಡುವ ಹಾಗೆ ನನ್ನನ್ನು ನೋಡಿ, "ಒಳಗಿರೋವಾಗ ಬಿಲ್ಲೆ ಕೈಬಿಡ್ತಾರೇನೇ? ಮ್ಯಾಕೆ ಬಂದ್ಮೇಲೆ ತಾನೆ ಕೊಡಾದು" ಅಂದರು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಉಸಿರು ಕಟ್ಟಿದಾಗ ಅವರು ಆ ಗಣಿಯೊಳಗೇ ಇರುತ್ತಾರೆ ಕಣೆ. ಶಿಫ್ಟು ಮುಗಿದು ಬಿಲ್ಲೆ ಬಾರದಿದ್ದರೆ ಆಳು ಇನ್ನೂ ಒಳಗಿದ್ದಾನೆ ಅಂತ ಹುಡುಕುತ್ತಿದ್ದರಂತೆ. ಮೊದಲೇ ಕೊಟ್ಟುಬಿಟ್ಟರೆ ಹುಡುಕುವವರು ಯಾರು?

ಈಗ ಎರಡು ತುತ್ತು ತಿನ್ನುತ್ತಿದ್ದಾರೆ. ನಿನ್ನ ಮೇಲೆ ಕೋಪವಿಲ್ಲ, ಸಂಕಟ ಅಷ್ಟೆ. ಮುನೇಶ್ವರ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಅಮ್ಮಾಜಮ್ಮ

ತಾ.ಕ.: ಕಾಗದ ಡಬ್ಬಿಗೆ ಹಾಕುವ ಮೊದಲು ಇದನ್ನೂ ಬರೆಯಬೇಕಾಯಿತು. ಚಾಂಪಿಯನ್ ರೀಫ್ಸ್‌ನ ಹಳೆಯ ಗಣಿಯಾಳುಗಳ ಮನೆಗಳಿಗೂ ನಿಮ್ಮ ಆಫೀಸಿನವರು ಇದೇ ಪೆಟ್ಟಿಗೆ ಕೊಟ್ಟು ಹೋಗಿದ್ದರಲ್ಲ, ಅಲ್ಲಿ ಸೆಲ್ವರಾಜ್ ನಿನ್ನೆ ಉಸಿರು ಕಟ್ಟಿ ಹೋಗಿಬಿಟ್ಟರು. ಹಿತ್ತಾಳೆ ಬಿಲ್ಲೆ ಹಿಡಿದ ಮುಷ್ಟಿ ಬಿಡಿಸಲಾಗದೆ ಹಾಗೆಯೇ ಮಣ್ಣು ಮಾಡಿದರು. "ಅವ್ರ ಬಿಲ್ಲೆ ಅವ್ರತ್ರಾನೇ ಇರ್ಲಿ" ಅಂದಳು ಹೆಂಡತಿ ಕದಿರಮ್ಮ. ಅದನ್ನು ಮಾಡಿದವಳು ನನ್ನ ಮಗಳು ಅನ್ನದೆಯೇ ಎದ್ದು ಬಂದೆ. ಉಳಿದ ಮನೆಗಳಿಗೆಲ್ಲ ಹೋಗಿ, ಹಿತ್ತಾಳೆ ಬಿಲ್ಲೆ ವಾಪಸು ಕೊಡಿ ಅಂತ ಕೇಳಿದೆ. ಒಬ್ಬ ಮುದುಕನೂ ಕೊಡಲಿಲ್ಲ. ಗಂಟೆಗೂ ಮರದ ಬಿಲ್ಲೆಯನ್ನೇ ಮಾಡಿಸಿಕೊಂಡು ನೀನೇ ಬಾ, ಬೇಗ ಬಾ.