ಹಲಗೆಯ ಮೇಲಿದ್ದ ಮೂವತ್ತೈದರ ಬಗ್ಗೆ

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಒಂದೇ ನಿಮಿಷ ಬಾಗಿಲಲ್ಲಿ ನಿಂತು ನೋಡಿ ನೀವು ನನ್ನ ಮೊಮ್ಮಗಳು ಕಲಿಯುವ ಸಂಜೆ ತರಗತಿಯನ್ನು ಮುಚ್ಚಿಸಿದ್ದೀರಿ. ಬರುವ ಸೋಮವಾರದಿಂದ ಅದು ಇರುವುದಿಲ್ಲವಂತೆ. ಕಾರಣ, ‘ಹಲಗೆಯ ಮೇಲೆ ತಪ್ಪು ಲೆಕ್ಕವನ್ನು ಬೋಧಿಸಲಾಗುತ್ತಿತ್ತು.’ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನ ಪ್ರಕಾರ ಇಂಥ ಪತ್ರ ‘ಐ ಬೆಗ್ ಟು ಸ್ಟೇಟ್’ ಎಂದು ಆರಂಭವಾಗಬೇಕು. ಬೇಡುವ ಭಾಗ ಬಿಟ್ಟು ನೇರವಾಗಿ ಸ್ಟೇಟ್ ಮಾಡುತ್ತಿದ್ದೇನೆ.

ನಿಮ್ಮ ಕಣ್ಣು ಚುರುಕು, ಒಪ್ಪುತ್ತೇನೆ. ನಲವತ್ತೆರಡರಲ್ಲಿ ಹದಿನೇಳು ಕಳೆದರೆ ಮೂವತ್ತೈದು ಎಂದು ಹಲಗೆಯ ಮೇಲೆ ಇದ್ದದ್ದು ನಿಜ. ನಾನೇ ಸಾಕ್ಷಿ. ಮೂಲೆಯಲ್ಲಿ, ಗಾಳಿ ಹೋದ ಚೆಂಡುಗಳ ಬುಟ್ಟಿಯ ಪಕ್ಕ, ಮಂಡಿ ಗಲ್ಲಕ್ಕೆ ತಾಗುವಂಥ ಪುಟ್ಟ ಬೆಂಚಿನಲ್ಲಿ ಕೂತಿದ್ದೆ. ಮೊಮ್ಮಗಳನ್ನು ಕರೆದೊಯ್ಯಲು ದಿನಾ ಅರ್ಧ ಗಂಟೆ ಮೊದಲೇ ಹೋಗುತ್ತೇನೆ. ಹೆಂಡತಿ ಇದ್ದಿದ್ದರೆ, “ಇಷ್ಟು ಬೇಗ ಹೋಗಿ ಅಲ್ಲೇನು ಘಂಟೆ ಹೊಡೀತೀರಾ?” ಅನ್ನುತ್ತಿದ್ದಳು. ಅವಳು ಹೋಗಿ ಒಂದೂವರೆ ವರ್ಷ. ಮಗುವಿಗೆ ಲೆಕ್ಕ ಹೇಳಿಕೊಡುತ್ತಿದ್ದವಳೂ ಅವಳೇ. ಆ ಕೆಲಸ ನನ್ನ ಪಾಲಿಗೆ ಬಂದಾಗ ತಾತ-ಮೊಮ್ಮಗಳು ಸೇರಿ ಕಲಿತದ್ದಕ್ಕಿಂತ ಅತ್ತದ್ದೇ ಹೆಚ್ಚು. ಇರಲಿ, ಮಾತು ಎಲ್ಲಿಗೋ ಹೋಯಿತು.

ಆ ತರಗತಿಯಲ್ಲೊಂದು ಪದ್ಧತಿ ಇದೆ. ಯಾರ ಉತ್ತರ ತಪ್ಪಾಗುತ್ತದೋ ಅವರ ಕೈಗೆ ಸೀಮೆಸುಣ್ಣ. ತಪ್ಪನ್ನು ಹಾಗೆಯೇ ಹಲಗೆಯ ಮೇಲೆ ಬರೆದು, ಅಲ್ಲಿಗೆ ತಲುಪಿದ್ದು ಹೇಗೆಂದು ಎಲ್ಲರಿಗೂ ಹೇಳಬೇಕು. ನೀವು ಬಂದದ್ದು ಬರೆದ ಮೇಲೆ. ಹೊರಟದ್ದು ಹೇಳುವ ಮೊದಲು. ಹಾಗಾಗಿ ನಿಮಗೆ ಕೇಳಿಸದೆ ಹೋದದ್ದು ಇದು:

“ಹೇಗೆ ಬಂತಮ್ಮ ಮೂವತ್ತೈದು?” ಎಂದರು ಟೀಚರ್.

“ಎರಡರಲ್ಲಿ ಏಳು ಹೋಗಲ್ಲ ಅಲ್ವಾ ಮಿಸ್, ಅದಕ್ಕೆ ಏಳರಲ್ಲೇ ಎರಡು ಕಳೆದ್ಬಿಟ್ಟೆ,” ಎಂದಳು ನನ್ನ ಮೊಮ್ಮಗಳು. “ಸುಮ್ನೆ ಜಗಳ ಯಾಕೆ ಅಂತ.”

“ಅಯ್ಯೋ, ನಾನೂ ದಿನಾ ಹಾಗೇ ಮಾಡ್ತೀನಿ ಕಣೇ!” ಎಂದಳು ಹಿಂದೆ ಕೂತಿದ್ದ ಗೆಳತಿ.

ನಗು ನಿಂತ ಮೇಲೆ ಟೀಚರ್ ನೆಲದ ಮೇಲೆ ಕೂತು, ಹತ್ತು ಕಡ್ಡಿಗಳ ಒಂದು ಕಟ್ಟು ಬಿಚ್ಚಿ ಆ ಬಡಪಾಯಿ ಎರಡರ ಜೊತೆ ಸೇರಿಸಿದರು. ಐದು ನಿಮಿಷದಲ್ಲಿ ಇಪ್ಪತ್ತೈದು ಬಂತು. ಹನ್ನೊಂದು ಮಕ್ಕಳಲ್ಲಿ ಆರು ಮಂದಿ ಸದ್ದಿಲ್ಲದೆ ಪುಸ್ತಕ ತೆರೆದು ಅದೇ ತಪ್ಪನ್ನು ತಿದ್ದಿಕೊಂಡರು.

ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು ನಾನು. ಇನ್ನೊಬ್ಬರ ತಪ್ಪಿನ ಮೇಲೆ ಕೆಂಪು ಗೀಟು ಎಳೆದೇ ಹೊಟ್ಟೆ ಹೊರೆದೆ. ಇದು ಹೇಗಾಯಿತಪ್ಪಾ ಎಂದು ಅಚ್ಚುಮೊಳೆ ಜೋಡಿಸುವ ಒಬ್ಬನನ್ನೂ ಕೇಳಲಿಲ್ಲ. ಅವವೇ ತಪ್ಪುಗಳು ಮೂವತ್ತು ವರ್ಷವೂ ನನ್ನ ಮೇಜಿಗೆ ನಿಷ್ಠೆಯಿಂದ ಬಂದವು.

ಇನ್ನು ಆಮೇಲೆ ನಿಮ್ಮ ಕಚೇರಿಯಿಂದ ಮಕ್ಕಳಿಗೆ ಕಳಿಸಿದ ನಮೂನೆ. ‘ತರಗತಿಯಿಂದ ಆದ ಲಾಭ’ ಎಂದು ನಾಲ್ಕು ಚೌಕ, ಒಂದಕ್ಕೆ ಗುರುತು. ಮಕ್ಕಳು ಚೌಕ ಬಿಟ್ಟು ಅಂಚಿನಲ್ಲಿ ಬರೆದರು. ‘ಮೂರನೇ ಸಲ ಕೇಳಿದ್ರೂ ಮಿಸ್ ಉಸ್ಸಪ್ಪಾ ಅನ್ನಲ್ಲ.’ ‘ನಮ್ಮ ಪಕ್ಕ ನೆಲದ ಮೇಲೆ ಕೂರ್ತಾರೆ.’ ‘ಅವರಿಗೆ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಾರೆ.’ ಇವೆಲ್ಲ ‘ಅಸಿಂಧು’ ಎಂದಿರಿ. ಸ್ವಾಮಿ, ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನಿಮ್ಮ ಕಚೇರಿಯ ಯಾವ ಬೀರುವಿನಲ್ಲಿದೆ? ಇಂಥ ಸಹನೆಗೆ ಇಂಗ್ಲಿಷಿನಲ್ಲಿ ಚಂದದ ಪದವೊಂದಿತ್ತು, ‘ಫಾರ್’ ಎಂದು ಶುರುವಾಗುತ್ತದೆ. ಪರೀಕ್ಷೆಯಲ್ಲಿ ಬರೆದಿದ್ದೆ, ಈಗ ಮಿಕ್ಕರ್ಧ ಬಾಯಿಗೆ ಬರುತ್ತಿಲ್ಲ. ಲೆಕ್ಕ ಎಂದರೆ ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗುತ್ತಿದ್ದ ಹುಡುಗಿ ಈಗ, “ಇವತ್ತು ನಂದೇ ಒಳ್ಳೇ ತಪ್ಪು” ಎಂದು ಕುಣಿಯುತ್ತ ಮನೆಗೆ ಬರುತ್ತಾಳೆ. ಸೋಮವಾರ ಆ ಹೊಟ್ಟೆನೋವು ಮರಳಿದರೆ ಔಷಧಿ ಕೊಡುವವರು ಯಾರು, ನೀವೋ ನಿಮ್ಮ ನಮೂನೆಯೋ?

ಆದ್ದರಿಂದ ಆದೇಶವನ್ನು ಹಿಂತೆಗೆದುಕೊಳ್ಳಿ. ಅದಕ್ಕೂ ಮೊದಲು ಶುಕ್ರವಾರ ಸಂಜೆ ನಾಲ್ಕಕ್ಕೆ ನೀವೇ ಬನ್ನಿ, ಪೂರ್ತಿ ಒಂದು ಗಂಟೆ. ಸಾಹೇಬರಿಗೆ ಮುಜುಗರವಾದೀತೇನೋ ಎಂದು ಮೊಮ್ಮಗಳನ್ನು ಕೇಳಿದೆ.

“ಏನಾಗಲ್ಲ ತಾತ, ಮಿಸ್ ಬೈಯಲ್ಲ,” ಎಂದಳು. “ಸೀಮೆಸುಣ್ಣ ಹಿಡ್ಕೊಂಡು, ಕ್ಲಾಸ್ ಮುಚ್ಚಬೇಕು ಅಂತ ಹೇಗೆ ಬಂತು ಅಂತ ಹೇಳಿದ್ರೆ ಸಾಕು. ಆಮೇಲೆ ನಾವೆಲ್ಲ ಸೇರಿ ಸರಿ ಮಾಡ್ತೀವಿ.”

ಇಂತಿ, ವಿನಯದಿಂದಲೇ ಗದರುತ್ತಿರುವ,
ಈ ವಯಸ್ಸಿನಲ್ಲಿ ಮೂರನೇ ಕ್ಲಾಸಿಗೆ ಸೇರಿಕೊಂಡ ಒಬ್ಬ ತಾತ