ನೆತ್ತಿಗೆ ತಟ್ಟಿದ ಎಣ್ಣೆ

೧೨ ನವೆಂಬರ್, ಬುಧವಾರ

ನಮ್ಮವರನ್ನು ಇವತ್ತು ಆಕ್ಸಿಜನ್ ಕೊಠಡಿಯೊಳಗೆ ಬಿಡಲಿಲ್ಲ. ತಲೆಯಲ್ಲಿ ಎಣ್ಣೆಯಿತ್ತು. ಬೆಳಿಗ್ಗೆ ರೈಲಿಗೆ ಅರಸೀಕೆರೆಯಿಂದ ಬಂದ ಅತ್ತೆ, ನಾನು ಔಷಧಿ ತರಲು ಹೋದಾಗ, ಮಗನ ನೆತ್ತಿಗೆ ಮನೆಯ ಕೊಬ್ಬರಿ ಎಣ್ಣೆ ತಟ್ಟಿದ್ದಾರೆ. ಒತ್ತಡದಲ್ಲಿ ಬರೀ ಆಕ್ಸಿಜನ್ ತುಂಬಿದ ಆ ಕೊಠಡಿಯಲ್ಲಿ ಎಣ್ಣೆಯ ಪಸೆಗೂ ಬೆಂಕಿ ಹತ್ತಬಹುದಂತೆ.

ಲಾರಿಯ ಚಕ್ರ ಹತ್ತಿದ ಕಾಲಿಗೆ ಆಪರೇಷನ್ ಮಾಡಿ ಮತ್ತೆ ರಕ್ತ ಹರಿಸಿದಾಗ, ಗೆದ್ದೆವು ಅಂದುಕೊಂಡಿದ್ದೆ. ರಕ್ತವಿಲ್ಲದೆ ಹಸಿದ ಮಾಂಸವನ್ನು ಮರಳಿ ಬಂದ ರಕ್ತವೇ ಕೆಡಿಸುತ್ತದೆಂದು ಇಷ್ಟು ವರ್ಷ ಓದಿದ ಯಾವ ಕವಿತೆಯಲ್ಲೂ ಇರಲಿಲ್ಲ. ಪಾದ ಊದಿದೆ, ಬೆರಳುಗಳು ಕಪ್ಪಾಗುತ್ತಿವೆ. ಈ ಚಿಕಿತ್ಸೆಯಿಂದ ಪಾದ ಉಳಿದರೂ ಉಳಿಯಬಹುದು ಎಂದಿದ್ದರು ಡಾಕ್ಟರು. ಅದರಲ್ಲಿ ಒಂದು ದಿನ ಹೋಯಿತು.

"ಯಾಕಮ್ಮಾ, ವಾಪಸ್ ಕರ್ಕೊಂಡ್ ಬಂದ್ರಲ್ಲ?" ಹೊರಗೆ ಕೂತಿದ್ದ ಅತ್ತೆ ಕೇಳಿದರು.

"ಮಿಷನ್ ಕೆಟ್ಟೋಗಿದೆಯಂತೆ, ಅತ್ತೆ."

ಇವರು ಕಣ್ಣು ಮುಚ್ಚಿಕೊಂಡೇ ಹೇಳಿದರು, "ನಮ್ಮೂರ ಕರೆಂಟು ಇಲ್ಲಿಗೂ ಬಂದೈತೆ ಕಣವ್ವ."

ಅತ್ತೆ ನಕ್ಕರು. ನನಗೆ ಆಗಲಿಲ್ಲ.

ಸಂಜೆ ಸೀಗೆಪುಡಿ ಹಾಕಿ ಇವರ ತಲೆ ತೊಳೆದೆ. ಎಣ್ಣೆಯ ಸೀಸೆಯನ್ನು ನನ್ನ ಚೀಲದ ತಳಕ್ಕೆ ಹಾಕಿದ್ದೇನೆ. ಅತ್ತೆ ಇನ್ನೂ ಮಲಗಿಲ್ಲ, ಅದನ್ನೇ ಹುಡುಕುತ್ತಿದ್ದಾರೆ. ಮಗನ ಪಾದ ತಣ್ಣಗಾಗಿದೆಯಂತೆ, ಎಣ್ಣೆಯನ್ನು ಒಂಚೂರು ಬಿಸಿ ಮಾಡಿ ಸವರಿದರೆ ಸರಿಹೋಗುತ್ತದಂತೆ.